ಮಾವ ಆರಿಸಿದ ಹವಳದ ಕಟರ್

ನನ್ನ ಕೈಗೆ ಡಿಗ್ರಿ ಬರುವುದು ಈ ಜನ್ಮದಲ್ಲಿಲ್ಲ ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ. ಆ ಮಾತನ್ನು ಹೆಚ್ಚುಕಡಿಮೆ ನಿಜ ಮಾಡಿದವರೂ ಅವರೇ! ಚಳ್ಳಕೆರೆ ಹತ್ತಿರದ ಸಿದ್ದಾಪುರದಲ್ಲಿ ಕುರಿಯ ಉಣ್ಣೆ ಕತ್ತರಿಸುವ ಮನುಷ್ಯ. ಹರಿತವಾದ ಕತ್ತರಿಯೊಂದನ್ನು ಬಿಟ್ಟು ಜಗತ್ತಿನಲ್ಲಿ ಯಾವುದನ್ನೂ ನಂಬಿದವರಲ್ಲ. ಮದುವೆಮನೆಗೆ ಹೋದರೂ ಮೊದಲು ಅಡುಗೆಯವರ ಈಳಿಗೆ ಮುಟ್ಟಿ ನೋಡಿ, ಆಮೇಲೆ ಮದುಮಗನನ್ನು ನೋಡುತ್ತಿದ್ದರು.

“ಕುರಿ ಕಾಯೋರ ಮನೇಲಿ ಹುಟ್ಟಿ ಸಮುದ್ರದ ಓದು ಓದ್ತೀಯಾ? ನಮ್ಮ ಕಡೆ ಕೆರೆಗೇ ನೀರಿಲ್ಲ ಕಣಲೇ!” ಎಂದಿದ್ದರು. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವರೇ ಇರಲಿಲ್ಲ.

ಆದರೂ ಕರಾವಳಿಯ ಕಾಲೇಜು ಸೇರಿದೆ. ಕೊನೆಯ ವರ್ಷದ ಪ್ರಾಜೆಕ್ಟ್ ಹವಳ ಬೆಳೆಸುವುದು. ಹವಳವನ್ನು ಉಂಗುರದಲ್ಲಷ್ಟೇ ನೋಡಿದವರಿಗೆ ಹೇಳಬೇಕು, ಅದು ಜೀವಿ. ಗಾಜಿನ ತೊಟ್ಟಿಯ ಉಪ್ಪುನೀರಲ್ಲಿ ಸಾಕಿದ ತಾಯಿ ಹವಳದಿಂದ ಕೊಂಬೆಯೊಂದನ್ನು ನುಣುಪಾಗಿ ಕತ್ತರಿಸಿ ಸಿಮೆಂಟಿನ ಬಿಲ್ಲೆಗೆ ಅಂಟಿಸಿದರೆ, ಅದೇ ಹೊಸ ಹವಳವಾಗುತ್ತದೆ. ಜಜ್ಜಿದರೆ ಸಾಯುತ್ತದೆ. ನಾನು ಕತ್ತರಿಸುವ ಇಪ್ಪತ್ತು ತುಂಡುಗಳಲ್ಲಿ ಅರ್ಧವಾದರೂ ಬದುಕಬೇಕು, ಇಲ್ಲವಾದರೆ ಡಿಗ್ರಿ ಇಲ್ಲ. ಕಾಲೇಜಿನ ಕಟರ್ ತುಕ್ಕು ಹಿಡಿದಿತ್ತು. ರಜೆಗೆ ಬಂದವನು ಮಾವನನ್ನೇ ಕರೆದುಕೊಂಡು ಚಳ್ಳಕೆರೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

“ಕತ್ರಿಸೋದು ಎಂಥದ್ದಲೇ?”

“ಒಣ ಕಡ್ಡಿ ಥರ ಮಾವ. ಪಟ್ ಅಂತ ಮುರಿಯುತ್ತೆ. ಆದ್ರೆ ಜೀವ ಐತೆ.”

ಮಾವ ಬೇಕರಿಗೆ ಹೋಗಿ ಒಂದು ಪೊಟ್ಟಣ ರಸ್ಕ್ ತಂದರು! ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಕತ್ತರಿಸತೊಡಗಿದರು. ಕತ್ತರಿ ರಸ್ಕನ್ನು ಪುಡಿ ಮಾಡಿತು. “ಇದು ಕಚ್ತೈತೆ, ಕತ್ರಿಸಲ್ಲ.” ಸಣ್ಣ ಹಲ್ಲಿನ ಗರಗಸ ಎರಡಾಗಬೇಕಾದ ರಸ್ಕನ್ನು ನಾಲ್ಕು ಮಾಡಿತು. “ಇದು ಜಗಳಗಂಟಿ.” ಅಂಗಡಿಯ ಭಾಯಿ ತಲೆ ಚಚ್ಚಿಕೊಂಡರು.

“ಅರೇ ಚಾಚಾ, ನಿಮಗೆ ಸಾಮಾನು ಬೇಕೋ, ಚಾ ಬೇಕೋ?”

“ಎರಡೂ ತರ್ಸಪ್ಪ!”

ಏಳನೆಯದು ಸ್ಟೀಲಿನ ಕಟರ್. ರಸ್ಕ್ ಒಂದು ಚೂರೂ ಉದುರದೆ ಎರಡಾಯಿತು. ಮಾವ ಅದನ್ನು ಮಗುವಿನಂತೆ ಎತ್ತಿಕೊಂಡರು. ಬಸ್ಸು ಹೊರಡುವ ಮೊದಲು ನನ್ನ ಚೀಲದಿಂದ ಕಟರ್ ಇಸಿದುಕೊಂಡು ಅದಕ್ಕೆ ಏನೋ ಮಾಡಿ, ಬಟ್ಟೆ ಸುತ್ತಿ ವಾಪಸ್ ಕೊಟ್ಟರು.

ಲ್ಯಾಬಿನಲ್ಲಿ ಇಪ್ಪತ್ತು ತುಂಡು ಕತ್ತರಿಸಿ ಮುಗಿಸಿದಾಗ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಶೇಂಗಾ ಎಣ್ಣೆ! ಉಣ್ಣೆ ಕತ್ತರಿಗೆ ಹಚ್ಚುವಂತೆ ಕಟರ್‌ಗೂ ಹಚ್ಚಿದ್ದರು. ಮೂರನೇ ದಿನಕ್ಕೆ ಹದಿನಾಲ್ಕು ತುಂಡು ಸುಣ್ಣದ ಹಾಗೆ ಬೆಳ್ಳಗಾದವು.

ಫೋನಿನಲ್ಲಿ ಕಿರುಚಿದೆ. “ನಿಮ್ಮ ಎಣ್ಣೆ ನನ್ನ ಡಿಗ್ರಿ ಕೊಂದಾಕ್ತು ಮಾವ!”

ಎಂದೂ ಬಾಯಿ ಮುಚ್ಚದ ಮನುಷ್ಯ ಫೋನ್ ಇಟ್ಟುಬಿಟ್ಟರು. ಆಮೇಲೆ ಫೋನೂ ಇಲ್ಲ. ಆರು ತಿಂಗಳು ಯಾರ ಕುರಿಯನ್ನೂ ಮುಟ್ಟಲಿಲ್ಲವಂತೆ. “ನನ್ನ ಕೈ ಸರಿಯಿಲ್ಲ” ಎಂದು ಕತ್ತರಿಯನ್ನು ಅಟ್ಟಕ್ಕೆ ಎಸೆದರಂತೆ. ಅವ್ವ ಹೇಳಿದಾಗ ನಾನು ಮಾತು ಬದಲಾಯಿಸಿದೆ. ಹೊಸ ಸಾಮಾನನ್ನು ತೊಳೆದು ಬಳಸಬೇಕೆಂದು ಪುಸ್ತಕದಲ್ಲೇ ಇತ್ತು. ಓದಿದವನು ನಾನು. ತೊಳೆಯದೆ ನೀರಿಗೆ ಹಾಕಿದವನೂ ನಾನು.

ಮೇಷ್ಟ್ರು ಇನ್ನೊಂದು ಅವಕಾಶ ಕೊಟ್ಟರು. ಅದೇ ಕಟರ್ ತೊಳೆದು ಕತ್ತರಿಸಿದೆ. ಹದಿನೇಳು ಬದುಕಿದವು.

ಸರ್ಟಿಫಿಕೇಟ್ ಬಂದ ವಾರ ಸಿದ್ದಾಪುರಕ್ಕೆ ಹೋದೆ. ಮಾವ ಹಟ್ಟಿಯ ಬಾಗಿಲಲ್ಲಿ ಕೂತಿದ್ದರು, ಅರ್ಧ ಇಳಿದುಹೋಗಿದ್ದರು. ಸರ್ಟಿಫಿಕೇಟನ್ನು ಅವರ ತೊಡೆಯ ಮೇಲೆ ಇಟ್ಟೆ. ಕೈ ಹಿಂದಕ್ಕೆಳೆದುಕೊಂಡರು. ಅಕ್ಷರ ಬಾರದ ಕಣ್ಣು ಸಾಲಿನಿಂದ ಸಾಲಿಗೆ ಏನನ್ನೋ ಹುಡುಕಿತು.

“ನಾನು ಸಾಯಿಸಿದ್ದು ಇದ್ರಾಗೆ ಬರ್ದವ್ರೇನಲೇ?”

“ಇಲ್ಲ ಮಾವ. ತೊಳೀದೆ ಹಾಕಿದ್ದು ನಾನು. ಅವತ್ತೇ ಹೇಳಬೇಕಿತ್ತು.”

ಮಾವ ಎರಡೂ ಕೈಯಿಂದ ಹಾಳೆಯ ಅಂಚು ಹಿಡಿದು ನನ್ನ ಕಡೆ ತಿರುಗಿಸಿದರು.

“ಹಂಗಾದ್ರೆ ಓದು. ನಿಧಾನಕ್ಕೆ ಓದು, ಕೇಳ್ತೀನಿ.”