ಎಂಟುನೂರು ಪುಟಕ್ಕೊಂದು ಸಹಿ

ಹತ್ತು ವರ್ಷ ಯಾರೂ ಎರವಲು ಒಯ್ಯದ ಪುಸ್ತಕ ರದ್ದಿಗೆ ಹೋಗಬೇಕೆಂಬುದು ಆ ಗ್ರಂಥಾಲಯದ ನಿಯಮ. ಆ ದಿನ ಬಾಗಿಲ ಬಳಿ ಹುರಿಯಲ್ಲಿ ಬಿಗಿದಿಟ್ಟ ಕಟ್ಟಿನೊಳಗಿಂದ ಬುರ್ಹಾನ್‌ಪುರದ ಕಾದಂಬರಿಯು ಸಂತೆಗೆ ಹೊರಟ ಕೋಳಿಯಂತೆ ಕೊರಳು ಚಾಚಿರುವುದನ್ನು ಕಂಡ ಅಲ್ಲಿನ ಗುಮಾಸ್ತ ಓಡಿಹೋಗಿ ಅದನ್ನು ಹೊರಗೆಳೆದ.

ನೆಲದಡಿಯ ಸುರಂಗಗಳಲ್ಲಿ ನೀರು ಹರಿಸಿಕೊಂಡು ಬದುಕಿದ ಆ ನಗರದ ಕುರಿತು ಅಂಥ ಕಾದಂಬರಿ ಇನ್ನೊಂದಿಲ್ಲವೆಂಬುದು ಅವನ ದೃಢವಾದ ಅಭಿಪ್ರಾಯ. ಎಂಟು ತಿಂಗಳಿಂದ, ಊಟದ ಬಿಡುವಿನಲ್ಲಿ, ದಿನಕ್ಕೆ ನಾಲ್ಕೇ ಪುಟದಂತೆ ಅದನ್ನು ಬೆಲ್ಲದ ಹಾಗೆ ಚಪ್ಪರಿಸಿದ್ದ.

"ಮೇಡಂ, ಇದೊಂದನ್ನ ಬಿಟ್ಬಿಡಿ," ಎಂದು ಮುಖ್ಯಸ್ಥೆಯನ್ನು ಬೇಡಿದ.

"ಐದು ಗಂಟೆಗೆ ರದ್ದಿಯವನು ಬರ್ತಾನೆ. ಅಷ್ಟರೊಳಗೆ ಒಬ್ಬ ಓದುಗ ಎರವಲಿಗೆ ಸಹಿ ಹಾಕಿದ್ರೆ ಉಳಿಯುತ್ತೆ. ನಿಮ್ಮ ಸಹಿ ನಡೆಯಲ್ಲ. ಸಿಬ್ಬಂದಿ ಸರದಿ ಓದುಗರೆಲ್ಲ ಆದ್ಮೇಲೆ."

ಕಾದಂಬರಿಯನ್ನು ಕಂಕುಳಲ್ಲಿರಿಸಿಕೊಂಡು ಗುಮಾಸ್ತ ಬೀದಿಗಿಳಿದ. ಎದುರಂಗಡಿಯ ದರ್ಜಿ ಅದನ್ನು ಕೈಯಲ್ಲಿ ತೂಗಿ ನೋಡಿದ.

"ಓದೋಕಾ? ಇಸ್ತ್ರಿ ಬಟ್ಟೆ ಮೇಲೆ ಹೇರೋಕಾದ್ರೆ ಕೊಡಿ ಸ್ವಾಮಿ."

ಔಷಧದಂಗಡಿಯ ಭಾವಮೈದ ಕೈಮುಗಿದ. "ಭಾವ, ನಿದ್ದೆ ಮಾತ್ರೆ ನಮ್ಮಂಗಡೀಲೇ ಇದೆಯಲ್ಲ!"

ನಾಲ್ಕೂವರೆಗೆ ಗುಮಾಸ್ತ ಜೋಲುಮುಖ ಹೊತ್ತು, ಸಂಜೆಯ ಓದುಗರು ತುಂಬಿದ್ದ ಗ್ರಂಥಾಲಯದ ಪತ್ರಿಕೆಯ ಕೋಣೆಗೆ ಮರಳಿದ. ಬೆನ್ನಿಗೇ ದರ್ಜಿ ಬುಸುಗುಡುತ್ತ ಬಂದ. "ನನ್ನ ಅಳತೆ ಟೇಪೆಲ್ಲಿ?" ಗಡಿಬಿಡಿಯಲ್ಲಿ ಗುಮಾಸ್ತ ಅದನ್ನು ಪುಟಗುರುತಿಗೆ ಇಟ್ಟುಕೊಂಡುಬಿಟ್ಟಿದ್ದ! ಎಳೆದರೆ ಪುಟ ಹರಿದೀತೆಂದು ಒಬ್ಬ, ಟೇಪು ಹರಿದೀತೆಂದು ಇನ್ನೊಬ್ಬ.

"ಅಂಥಾದ್ದೇನಿದೆಯಪ್ಪಾ ಅದ್ರಲ್ಲಿ?" ಎಂದರು ಪತ್ರಿಕೆಯ ಹಿಂದಿನಿಂದ ನಿವೃತ್ತ ಮೇಷ್ಟ್ರು.

ಗುಮಾಸ್ತ ರೇಗಿ ಬೆಂಚು ಹತ್ತಿದ. ಊರಿಗೆ ಮುತ್ತಿಗೆ ಬಿದ್ದದ್ದು, ಬಾವಿ ತೋಡುವವನ ಮಗಳು ಹಣತೆ ಹಿಡಿದು ಸುರಂಗಕ್ಕಿಳಿದದ್ದು, ಎಲ್ಲವನ್ನೂ ಹೇಳಿದ. "ಮಾತು ನಿಷೇಧ!" ಎಂದು ಓಡಿಬಂದ ಮುಖ್ಯಸ್ಥೆ ಕುರ್ಚಿಯೆಳೆದು ಕೂತರು. ಐದಕ್ಕೆ ಬಂದ ರದ್ದಿಯವನು ತಕ್ಕಡಿಯನ್ನು ಮಡಿಲಲ್ಲಿಟ್ಟುಕೊಂಡ.

"ತೂಬೆತ್ತಿದರೆ ಸುರಂಗದೊಳಗೆ ನುಗ್ಗಿದ ವೈರಿಗಳೆಲ್ಲ ಕೊಚ್ಚಿಹೋಗ್ತಾರೆ. ಆದ್ರೆ ಅವಳಪ್ಪನೂ ಒಳಗಿದ್ದಾನೆ. ಅವಳ ಕೈ ತೂಬಿನ ಮೇಲೆ..."

"ಆಮೇಲೆ?" ಎಂದು ರದ್ದಿಯವನು ಅರಚಿದ.

ಗುಮಾಸ್ತ ಬೆವರೊರೆಸಿಕೊಂಡ. "ಕೊನೆ ಬಾಯಲ್ಲಿ ಹೇಳೋದಲ್ಲ. ಓದಬೇಕು!"

ಕೋಣೆಗೆ ಕೋಣೆಯೇ ಎದ್ದಿತು. ಮೊದಲ ಸಹಿ ದರ್ಜಿಯದು. ಅವನ ಹಿಂದೆ ಇಪ್ಪತ್ತೆರಡು ಹೆಸರು, ರದ್ದಿಯವನದೂ ಸೇರಿ. ಮೇಷ್ಟ್ರು ಗುಮಾಸ್ತನ ಬೆನ್ನು ತಟ್ಟಿದರು. ಅವನು ಕೋಟೆ ಗೆದ್ದ ದಳಪತಿಯಂತೆ ಬೆಂಚಿನಿಂದಿಳಿದ.

"ಎಲ್ಲರದಾದ ಮೇಲೆ ನನ್ನ ಹೆಸರೂ ಬರ್ಕೊಳ್ಳಿ ಮೇಡಂ," ಎಂದ ಮೆಲ್ಲಗೆ.

"ನಿಮ್ಮ ಸರದಿ ಬರೋ ಹೊತ್ತಿಗೆ ವರ್ಷ ಕಳೆಯುತ್ತೆ. ಓದಿದ ಪುಸ್ತಕ ಮತ್ಯಾಕ್ರೀ?"

"ಓದಿದ್ದೀನಿ... ಕೊನೇ ಅಧ್ಯಾಯ ಒಂದು ಬಿಟ್ಟು. ನಾಳೆಗೆ ಅಂತ ಇಟ್ಕೊಂಡಿದ್ದೆ."

ಮುಖ್ಯಸ್ಥೆಯ ಲೇಖನಿ ಗಾಳಿಯಲ್ಲೇ ನಿಂತಿತು. ಗುಮಾಸ್ತ ಬಾಗಿಲಿಗೋಡಿ, ಪುಸ್ತಕ ಹಿಡಿದು ಹೊರಟಿದ್ದ ದರ್ಜಿಯ ತೋಳು ಹಿಡಿದ. "ಅಣ್ಣಾ, ಓದಿ ಮುಗಿಸಿದ ಕೂಡ್ಲೇ ಅವಳು ತೂಬೆತ್ತಿದಳಾ ಇಲ್ವಾ, ಅಷ್ಟು ಹೇಳಿಬಿಡು!"

ದರ್ಜಿ ಕಾದಂಬರಿಯನ್ನು ಎದೆಗವಚಿಕೊಂಡು ಗಂಭೀರನಾದ.

"ಕೊನೆ ಬಾಯಲ್ಲಿ ಹೇಳೋದಲ್ಲ ಸ್ವಾಮಿ. ಓದಬೇಕು!"