ಮಗ್ಗ ನಿಂತಾಗ ಗಿಟಾರು

ಚೌಕಾಸಿ ಮಾಡದೆ ತಂದ ವಸ್ತುವಿಗೆ ಮನೆಯಲ್ಲಿ ಮರ್ಯಾದೆ ಇರುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಬದನೆಕಾಯಿಯಿಂದ ಹಿಡಿದು ಸೈಟಿನವರೆಗೆ ಯಾರೇ ಏನೇ ಕೊಳ್ಳಲಿ, ಕೇಳದಿದ್ದರೂ ನನ್ನದೊಂದು ಸಲಹೆ ಇದ್ದೇ ಇರುತ್ತದೆ: ಬೇಕಾದ ವಸ್ತುವಿನ ಕಡೆ ಮಾತ್ರ ಅಪ್ಪಿತಪ್ಪಿಯೂ ನೋಡಬೇಡಿ. ನನ್ನ ರೆಕಾರ್ಡ್ ಪ್ಲೇಯರನ್ನೂ ಹಾಗೆಯೇ ತಂದೆ. ಹೊಸಕೋಟೆಯ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಫ್ಯಾನೊಂದಕ್ಕೆ ಗಂಟೆಗಟ್ಟಲೆ ಜಗಳವಾಡಿ, ಕೊನೆಗೆ "ಹೋಗ್ಲಿ, ಆ ಡಬ್ಬಾನಾದ್ರೂ ಸೇರ್ಸು" ಎಂದೆ. ಡಬ್ಬದ ಜೊತೆ ಒಂದು ಕಟ್ಟು ಹಳೆಯ ವಿಲಾಯಿತಿ ರಾಕ್ ರೆಕಾರ್ಡುಗಳೂ ಬಂದವು. ಫ್ಯಾನೂ ಬಂತು, ಅದು ಬೇರೆ ಮಾತು.

ನಾನು ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ಆ ರೆಕಾರ್ಡುಗಳಲ್ಲಿ ನುಡಿಸಿರುವ ಹಳೆಯ ಮಹಾನುಭಾವರು ತಂತಿಯನ್ನು ಎಳೆದು ಒಂದು ಸ್ವರವನ್ನು ಮೇಲಿನ ಸ್ವರಕ್ಕೆ ಕೈಹಿಡಿದು ಹತ್ತಿಸುವುದನ್ನು ಮೊಬೈಲಿನಲ್ಲಿ ಕೇಳಿದರೆ ಸೊಳ್ಳೆ ಹಾಡಿದಂತಿರುತ್ತದೆ. ರೆಕಾರ್ಡಿನಲ್ಲಾದರೆ ಬೆರಳು ಜಾರುವ ಸದ್ದೂ ಸಿಗುತ್ತದೆ. ಆದರೆ ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಪವರ್‌ಲೂಮುಗಳು ಹೊಡೆದುಕೊಳ್ಳುವಾಗ ಗಿಟಾರಿರಲಿ, ಗುಡುಗೂ ಕೇಳಿಸದು. ಕರೆಂಟ್ ಹೋದರೆ ಮಗ್ಗಗಳು ಮೌನ; ಜೊತೆಗೆ ನನ್ನ ಪ್ಲೇಯರೂ ಮೌನ.

ಆ ಪ್ಲೇಯರನ್ನು ನಾನು ಇಟ್ಟಿದ್ದು, ನನ್ನ ಹೆಂಡತಿ ಪದ್ಮ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುವ ಮೇಜಿನ ಮೇಲೆ. ಅವಳು ಒಂದು ದಿನ ತೀರ್ಪು ಕೊಟ್ಟಳು: "ರೀ, ಈ ವಾರದೊಳಗೆ ಇದ್ರಲ್ಲಿ ಒಂದು ಹಾಡು ಪೂರ್ತಿ ಕೇಳಿಸಿ. ಆಗ್ಲಿಲ್ವಾ, ಅಟ್ಟಕ್ಕೆ ಹಾಕ್ಬಿಡ್ತೀನಿ."

ಇನ್ವರ್ಟರ್ ಕೊಳ್ಳಲು ಹೊರಟೆ. "ಯಜಮಾನ್ರೇ, ಇದು ಲೈಟು, ಫ್ಯಾನಿಗೆ ಅಷ್ಟೇ. ದೊಡ್ಡದು ತಗೊಳ್ಳಿ" ಎಂದ ಅಂಗಡಿಯವನಿಗೆ ವ್ಯಾಪಾರ ಹೇಗೆ ಮಾಡಬೇಕೆಂದು ಪಾಠ ಹೇಳಿ, ಚಿಕ್ಕದನ್ನೇ ತಂದೆ.

ವಾರದ ಕೊನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಪದ್ಮಳನ್ನು ಕೂರಿಸಿ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದೆ. ಆಹಾ! ಆದರೆ ಮಗ್ಗ ನಿಂತರೆ ಬೀದಿಯವರೆಲ್ಲ ಹೊರಗೆ ಬರುವುದು ನಮ್ಮಲ್ಲಿ ರೂಢಿ.

"ಏನಪ್ಪಾ, ನಿಮ್ಮನೇಲಿ ಮಾತ್ರ ಕರೆಂಟ್ ಐತಾ?" ಪಕ್ಕದ ಮನೆಯ ಗಂಗಕ್ಕ ಚಾರ್ಜರ್ ಸಮೇತ ಬಂದರು.

"ಇನ್ವರ್ಟರ್, ಗಂಗಕ್ಕ. ಕೂತ್ಕೊಳ್ಳಿ, ಹೆಂಗೆ ಕೊಂಡ್ಕೋಬೇಕು ಅಂತ ಹೇಳ್ತೀನಿ."

ನಾನು ಹೇಳುತ್ತಿರುವಾಗಲೇ ಎದುರು ಮನೆಯ ನಾಗರಾಜ ಮಿಕ್ಸಿಯನ್ನೇ ಹೊತ್ತು ತಂದ. "ಗುರು, ಚಟ್ನಿ ಅರ್ಧಕ್ಕೆ ನಿಂತೋಗೈತೆ. ಒಂದೇ ರೌಂಡು ಕಣೋ."

ಉಪದೇಶದ ಭರದಲ್ಲಿ ತಲೆಯಾಡಿಸಿಬಿಟ್ಟೆ. ಅತ್ತ ಗಿಟಾರ್ ತುತ್ತತುದಿಗೆ ಹತ್ತುತ್ತಿತ್ತು. ಇತ್ತ ಮಿಕ್ಸಿ ಗುರ್ ಎಂದಿತು. ಇನ್ವರ್ಟರ್ ಕುಯ್ ಎಂದು ಕಣ್ಣು ಮುಚ್ಚಿತು.

"ಅಯ್ಯೋ, ಮುಂದಕ್ಕೆ?" ಎಂದರು ಗಂಗಕ್ಕ. ಪದ್ಮ ಅಟ್ಟದ ಕಡೆ ನೋಡಿದಳು.

"ಇರು, ಇರು! ಮಿಕ್ಕಿದ್ದು ನಂಗೆ ಬಾಯಿಪಾಠ" ಎಂದು ಗೋಡೆಯಲ್ಲಿದ್ದ ಹಳೆಯ ಮರದ ಗಿಟಾರ್ ಇಳಿಸಿದೆ. ಅದಕ್ಕೆ ಕರೆಂಟ್ ಬೇಡವಲ್ಲ. ಮೊದಮೊದಲು ಪರವಾಗಿರಲಿಲ್ಲ. ಆ ಮಹಾನುಭಾವರು ಸ್ವರವನ್ನು ಎಳೆದ ಕಡೆ ನಾನೂ ಎಳೆದೆ. ಅದು ಅರ್ಧ ದಾರಿಗೆ ಬಂದು ಮೊಂಡು ಎಮ್ಮೆಯಂತೆ ಕೂತಿತು. ಇನ್ನೂ ಎಳೆದೆ. ನಾಗರಾಜ ಮಿಕ್ಸಿ ಜಾರಿನೊಳಗೆ ಇಣುಕಿ ಚಟ್ನಿ ಪರೀಕ್ಷಿಸತೊಡಗಿದ. ಗಂಗಕ್ಕನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

ಪದ್ಮ ಮಾತ್ರ ಕೊನೆಯವರೆಗೂ ಕೂತು ಕೇಳಿದಳು. ಆಮೇಲೆ ಎದ್ದು, ಮೇಜಿನ ಮೇಲಿದ್ದ ಸೀರೆಗಳನ್ನೆಲ್ಲ ಮಂಚಕ್ಕೆ ಸಾಗಿಸಿದಳು.

"ಅದು ಇಲ್ಲೇ ಇರ್ಲಿ ರೀ. ಒಂದು ದೊಡ್ಡ ಇನ್ವರ್ಟರ್ ತಂದ್ಬಿಡಿ. ಮಿಕ್ಕಿದ್ದನ್ನ ಅವರ ಕೈಯಲ್ಲೇ ಕೇಳೋಣ."

ಆ ರೆಕಾರ್ಡಿನವರ ಕೈ ಎಂಥದ್ದೆಂದು ವಾರವೆಲ್ಲ ಬಾಯಲ್ಲಿ ಹೇಳಿ ಸೋತಿದ್ದೆ. ಅವಳಿಗೆ ಅದು ಅರ್ಥವಾಗಲು ಒಂದು ಗಳಿಗೆ ನಾನೇ ನುಡಿಸಿದ್ದು ಸಾಕಾಯಿತು.