ಅರೆ ವಾ, ಕಸ!

ನಾನು ಜಪಾನಿ ಭಾಷೆ ಕಲಿತದ್ದು ಒಂದು ಬೆಳಗ್ಗೆ, ಹಲ್ಲುಜ್ಜುತ್ತಾ. ಬಾಯಿ ಮುಕ್ಕಳಿಸುವ ಹೊತ್ತಿಗೆ ವ್ಯಾಕರಣ ಮುಗಿದಿತ್ತು, ಮುಖ ಒರೆಸಿಕೊಳ್ಳುವಾಗ ಉಚ್ಚಾರಣೆಯೂ ಕೈವಶವಾಯಿತು. ಅದೇ ಮಧ್ಯಾಹ್ನ ದಾರಿಯಲ್ಲಿ ಸಿಕ್ಕ ಜಪಾನಿ ಪ್ರವಾಸಿಯೊಬ್ಬ ನನ್ನ ಮಾತು ಕೇಳಿ, ಹುಟ್ಟಿದಾಗಿನಿಂದ ತಾನು ಆಡುತ್ತಿದ್ದುದು ಹಾಗಾದರೆ ಯಾವ ಭಾಷೆ ಎಂದು ಕಣ್ಣೀರು ಹಾಕಿದ. ನೀವು ನಂಬದಿದ್ದರೆ ಬಿಡಿ, ಈಗ ಅವನೂ ನಂಬುತ್ತಿಲ್ಲ.

ಆದರೆ ಇದು ನನ್ನ ಕತೆಯಲ್ಲ. ನನ್ನಷ್ಟು ಪ್ರತಿಭೆ ಇಲ್ಲದ ಒಬ್ಬ ಬಡಪಾಯಿ ಮೇಷ್ಟ್ರ ಕತೆ.

ಈ ಮೇಷ್ಟ್ರು ದೊಡ್ಡವರಿಗಾಗಿ ನಡೆಯುವ ಸಂಜೆ ಶಾಲೆಯೊಂದರಲ್ಲಿ ಜಪಾನಿ ಹೇಳಿಕೊಡುತ್ತಿದ್ದರು. ವಿದ್ಯಾರ್ಥಿಗಳು ಹನ್ನೊಂದು ಜನ. ಮೂರು ತಿಂಗಳಿನಿಂದ ಬರುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಆ ಕ್ಲಾಸಿನ ಮೌನ ಎಂಥದೆಂದರೆ, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಹನ್ನೊಂದೂ ಜನ ಹೊಸ ಪದವೆಂದು ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆಯುತ್ತಿದ್ದರು.

ಅವತ್ತು ಮಧ್ಯಾಹ್ನ ಶಾಲೆಯ ಯಜಮಾನಿ ಮೇಷ್ಟ್ರನ್ನು ಕರೆಸಿದರು.

"ಮೇಷ್ಟ್ರೇ, ನೀವು ಭಾಷೆ ಕಲಿಸ್ತಿದ್ದೀರೋ, ಮೌನವ್ರತ ಹಿಡಿಸ್ತಿದ್ದೀರೋ?"

"ಬರವಣಿಗೇಲಿ ಎಲ್ಲರೂ ಬಹಳ ಮುಂದಿದ್ದಾರೆ ಮೇಡಂ."

"ಬರೆಯೋಕೆ ನನ್ನ ಹತ್ರ ಗುಮಾಸ್ತ ಇದ್ದಾನೆ. ಇವತ್ತು ನಾಲ್ಕೂವರೆಗೆ ಕ್ಲಾಸಿಗೆ ಬರ್ತೀನಿ. ನಮ್ಮಕ್ಕ ಬಂದಿದ್ದಾಳೆ, ಅವಳೂ ಬರ್ತಾಳೆ. ಒಬ್ಬರಾದ್ರೂ ಬಾಯಿ ಬಿಟ್ಟು ಒಂದು ವಾಕ್ಯ ಹೇಳಿದ್ರೆ ನಿಮ್ಮ ಕೆಲಸ ಉಳೀತು. ಇಲ್ಲಾಂದ್ರೆ ನಾಳೆಯಿಂದ ಆ ಕೋಣೆ ಹೊಲಿಗೆ ಟೀಚರಿಗೆ."

ಮೇಷ್ಟ್ರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಕೆಲಸ ಹೋಯಿತೆಂದು ಮನೆಗೆ ಹೋಗಿ ಹೆಂಡತಿಗೆ ಹೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ. ಅವರ ಬೆನ್ನಲ್ಲಿ ಇಳಿದ ಬೆವರಿನಿಂದ ಒಂದು ಎಕರೆ ತೋಟಕ್ಕೆ ನೀರು ಹಾಯಿಸಬಹುದಿತ್ತು.

ಕೋಣೆಗೆ ಬಂದರೆ ಹೊಲಿಗೆ ಟೀಚರು ಆಗಲೇ ಕುರ್ಚಿ ಹತ್ತಿ ಕಿಟಕಿಗೆ ಟೇಪು ಹಿಡಿದಿದ್ದರು.

"ಏನು ಟೀಚರ್ ಇದು?"

"ಪರದೆಗೆ ಅಳತೆ ಸಾರ್. ಸುಮ್ನೆ. ನೀವು ಮನಸ್ಸಿಗೆ ಹಚ್ಕೋಬೇಡಿ." ಮೇಷ್ಟ್ರು ಅಡ್ಡ ನಿಂತಿದ್ದರಿಂದ ಅವರ ಎದೆಯ ಸುತ್ತಳತೆಯನ್ನೂ ತೆಗೆದು ಬರೆದುಕೊಂಡರು. "ನನ್ನ ಮಾತು ಕೇಳಿ. ಜನ ಬಾಯಿ ಬಿಡ್ಬೇಕಾದ್ರೆ ಬಾಯಿಗೆ ಸಿಹಿ ಬೀಳ್ಬೇಕು. ಎದುರು ಅಂಗಡೀಲಿ ಅಂಟು ಮಿಠಾಯಿ ಬಂದಿದೆ."

ಶತ್ರುವಿನ ಸಲಹೆ ತೆಗೆದುಕೊಳ್ಳಬಾರದೆಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಒಂದು ಪೊಟ್ಟಣ ತಂದು ನಾಲ್ಕು ಗಂಟೆಗೆ ಎಲ್ಲರಿಗೂ ಹಂಚಿದರು. ಅದು ಎಂಥ ಮಿಠಾಯಿಯೆಂದರೆ, ಕರಗಿಸಿ ಹೊಯ್ದರೆ ಮುರಿದ ಸೇತುವೆ ಕೂಡಿಕೊಳ್ಳುತ್ತಿತ್ತು. ಹನ್ನೊಂದು ದವಡೆಗಳೂ ಕಚ್ಚಿಕೊಂಡವು. ಈವರೆಗೆ ಮಾತಾಡಲು ಮನಸ್ಸಿಲ್ಲದವರಿಗೆ ಈಗ ಮನಸ್ಸು ಬಂದರೂ ಮಾತಾಡುವಂತಿರಲಿಲ್ಲ. ಹಿಂದಿನ ಬೆಂಚಿನ ಹಿರಿಯರೊಬ್ಬರ ಕಟ್ಟಿಸಿದ ಹಲ್ಲು ಮಿಠಾಯಿಯ ಜೊತೆಗೇ ಹೊರಬಂದು ಡೆಸ್ಕಿನ ಮೇಲೆ ನಗುತ್ತಾ ಕೂತಿತು.

ಮಿಠಾಯಿ ಕರಗುವ ಹೊತ್ತಿಗೆ ನಾಲ್ಕೂ ಕಾಲು.

ಮೇಷ್ಟ್ರು ಸೋತು ಮೇಜಿನ ಮೇಲೆ ಕೂತುಬಿಟ್ಟರು. "ಕೈ ಮುಗೀತೀನಿ, ನಿಜ ಹೇಳಿ. ನೀವ್ಯಾರೂ ಯಾಕೆ ಬಾಯೇ ಬಿಡಲ್ಲ?"

ಗಡಿಯಾರ ರಿಪೇರಿಯವರು ಮಗಳ ಜೊತೆ ಕ್ಲಾಸಿಗೆ ಬರುತ್ತಿದ್ದರು. ಆ ಮಗಳೇ ಎದ್ದು ನಿಂತಳು. "ಸಾರ್, ಜಪಾನೀಲಿ 'ನಮ್ಮ ಅಪ್ಪ' ಅನ್ನೋಕೆ 'ಚಿಚಿ' ಅನ್ಬೇಕು ಅಂತ ಮೊದಲ ವಾರ ಹೇಳ್ಕೊಟ್ರಿ. ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಛೀ ಛೀ ಅಂತ ಹೇಗೆ ಸಾರ್ ಅನ್ನೋದು?"

"ಮನೇಲಿ ಬೇಡ ಅಂದ್ರೂ ಅಂತಾಳೆ," ಎಂದರು ಅಪ್ಪ. "ಇಲ್ಲಿ ಬಂದ್ರೆ ಮರ್ಯಾದೆ!"

"ಅಮ್ಮಂಗೆ 'ಹಹ' ಅಂತೆ!" ಎಂದು ಮುಂದಿನ ಬೆಂಚಿನ ಕಂಡಕ್ಟರು ದನಿಗೂಡಿಸಿದರು. "ಅಪ್ಪ ಅಂದ್ರೆ ಛೀ ಛೀ, ಅಮ್ಮ ಅಂದ್ರೆ ಹಹ್ಹ. ನಮ್ಮನೇಲೂ ಹಂಗೇ ಸಾರ್. ಆದ್ರೆ ನಗು ಬಂದ್ರೆ ನೀವು ಬೈತೀರಿ ಅಂತ ಮೂರು ತಿಂಗಳಿಂದ ತಡ್ಕೊಂಡಿದ್ದೀವಿ."

ಮೇಷ್ಟ್ರಿಗೆ ಜ್ಞಾನೋದಯವಾಯಿತು. ಇವರ ಬಾಯಿ ಮುಚ್ಚಿಸಿದ್ದು ಭಯವಲ್ಲ, ನಗು!

"ನಗ್ರಪ್ಪಾ, ಹೊಟ್ಟೆ ತುಂಬ ನಗಿ! ತಪ್ಪಾದ್ರೂ ಪರವಾಗಿಲ್ಲ, ಬಾಯಿ ಬಿಡಿ. ದೂರ ಇರೋದಕ್ಕೆಲ್ಲ 'ಅರೆ ವಾ' ಅನ್ನಿ, ಹಾಗಂದ್ರೆ 'ಅದು'. ಕೊಡೆಗೆ 'ಕಸ'. ಅಕ್ಕನಿಗೆ 'ಅನೆ', ಇವತ್ತು ಯಜಮಾನಿ ಜೊತೆ ಅವರಕ್ಕನೂ ಬರ್ತಾರೆ. ಕೊನೇಲಿ 'ದೆಸ್' ಸೇರಿಸಿದ್ರೆ ವಾಕ್ಯ ಆಯ್ತು. ಕಣ್ಣಿಗೆ ಕಂಡದ್ದನ್ನ ಕೂಗಿ ಹೇಳಿ, ನೋಡೋಣ!"

ಅಣೆಕಟ್ಟು ಒಡೆದಂತಾಯಿತು. ಮೂರು ತಿಂಗಳ ನಗು ಒಟ್ಟಿಗೆ ಹೊರಬಿದ್ದ ರಭಸಕ್ಕೆ ಕೋಣೆಯ ಫ್ಯಾನು ತಾನೇ ತಿರುಗತೊಡಗಿತು. ಸರಿಯಾಗಿ ಅದೇ ಗಳಿಗೆಗೆ ಬಾಗಿಲು ತೆರೆಯಿತು. ಬಿಸಿಲಿಗೆಂದು ತಂದ ಕೊಡೆ ಮಡಚಿಕೊಳ್ಳುತ್ತಾ ಯಜಮಾನಿ ನಿಂತಿದ್ದರು. ಹಿಂದೆ ಅವರ ಅಕ್ಕ.

ಮೂವತ್ತು ವರ್ಷ ಸೀಟಿ ಇಲ್ಲದೆ ಬಸ್ಸು ನಿಲ್ಲಿಸಿದ್ದ ಗಂಟಲಿನಿಂದ ಕಂಡಕ್ಟರು ಕೊಡೆಯತ್ತ ಬೆರಳು ಚಾಚಿ ಗರ್ಜಿಸಿದರು: "ಅರೆ ವಾ ಕಸ ದೆಸ್!"

ಯಜಮಾನಿಯ ಮುಖ ಕೆಂಪಾಯಿತು. "ಯಾರನ್ರೀ ಕಸ ಅಂದದ್ದು?"

ಹುರುಪಿಗೆ ಬಿದ್ದ ಗಡಿಯಾರದವರ ಮಗಳು ಅವರ ಹಿಂದಿದ್ದ ಅಕ್ಕನನ್ನು ತೋರಿಸಿ ಕೂಗಿದಳು: "ಅರೆ ವಾ ಅನೆ ದೆಸ್!"

"ಆನೆ! ನಮ್ಮಕ್ಕನ್ನ ಆನೆ ಅಂತೀಯಾ?"

ಹುಡುಗಿ ಗಾಬರಿಯಾಗಿ, ದೊಡ್ಡವರನ್ನು ಮುಂದೆ ಬಿಟ್ಟರೆ ಬಚಾವಾಗಬಹುದೆಂದು ಅಪ್ಪನ ಭುಜ ಹಿಡಿದು ಪರಿಚಯಿಸಿದಳು: "ಚಿಚಿ ದೆಸ್!"

"ಮೇಲಿಂದ ಛೀ ಛೀ ಬೇರೆ! ಮೇಷ್ಟ್ರೇ, ಇದನ್ನೇನಾ ನೀವು ಕಲಿಸಿದ್ದು? ಟೀಚರ್, ತನ್ನಿ ನಿಮ್ಮ ಮೆಷಿನ್ನು!"

ಹೊಲಿಗೆ ಟೀಚರು ಮೆಷಿನ್ನು ಬಾಗಿಲಾಚೆಯೇ ತಂದಿಟ್ಟುಕೊಂಡಿದ್ದರು. ಆದರೆ ಅಷ್ಟರಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗಲಾರಂಭಿಸಿದ್ದರು.

"ಸುಮ್ನಿರೇ! ಕಸ ಅಂದ್ರೆ ನಿನ್ನ ಕೊಡೆ ಕಣೇ. ಅನೆ ಅಂದ್ರೆ ಅಕ್ಕ. ಇನ್ನೊಬ್ಬರ ಅಕ್ಕನಿಗೆ ಬೇರೆ ಪದ ಇದೆ, ಇರ್ಲಿ ಬಿಡು. ಈ ಮಗು ಅವರಪ್ಪನ್ನ ಪರಿಚಯ ಮಾಡಿಸ್ತಿದೆ. ಇಪ್ಪತ್ತೆರಡು ವರ್ಷ ಜಪಾನಿನ ಆಸ್ಪತ್ರೇಲಿ ಕೆಲಸ ಮಾಡಿ ಬಂದವಳಿಗೆ ಅಷ್ಟೂ ಗೊತ್ತಾಗಲ್ವಾ?"

ಮೇಷ್ಟ್ರು ಗೆದ್ದಿದ್ದರು! ಟೀಚರು ಟೇಪು ಸುತ್ತಿಕೊಂಡರು. ಯಜಮಾನಿ ಕೈ ಮುಗಿದು, "ತಪ್ಪಾಯ್ತು ಮೇಷ್ಟ್ರೇ, ನಿಮ್ಮ ಕೆಲಸ ಎಲ್ಲೂ ಹೋಗಲ್ಲ," ಎಂದರು.

ಆಗ ಅಕ್ಕ ಮೇಷ್ಟ್ರ ಕಡೆ ತಿರುಗಿ, ಮೆತ್ತಗೆ ಬಾಗಿ, ಎಕ್ಸ್‌ಪ್ರೆಸ್ ರೈಲಿನ ವೇಗದಲ್ಲಿ ಜಪಾನಿಯಲ್ಲಿ ಏನೋ ಕೇಳಿದರು.

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ಅವರು ಜಪಾನಿ ಕಲಿತದ್ದು ಒಂದೇ ಒಂದು ಪುಸ್ತಕದಿಂದ. ಜೀವಂತ ಮನುಷ್ಯರು ಆ ಭಾಷೆ ಆಡಿದ್ದನ್ನು ಅವರು ಕೇಳಿದ್ದು ಆವತ್ತೇ ಮೊದಲು.

"ಹೇಳಿ ಸಾರ್," ಎಂದರು ಕಂಡಕ್ಟರು. "ತಪ್ಪಾದ್ರೂ ಪರವಾಗಿಲ್ಲ."

"ನಾವು ನಗಲ್ಲ ಸಾರ್," ಎಂದಳು ಗಡಿಯಾರದವರ ಮಗಳು.

ಹನ್ನೊಂದು ಜನ ಕಾದರು.

"ನಾನು ಕೇಳಿದ್ದು ಇಷ್ಟೇ," ಎಂದರು ಅಕ್ಕ, ಮರುಕದಿಂದ. "ನಿಮ್ಮ ಹೆಸರೇನು ಅಂತ."

ಮರುದಿನದಿಂದ ಆ ಕ್ಲಾಸನ್ನು ಅಕ್ಕ ತೆಗೆದುಕೊಂಡರು. ಮೇಷ್ಟ್ರ ಕೆಲಸ ಹೇಳಿದಂತೆಯೇ ಎಲ್ಲೂ ಹೋಗಲಿಲ್ಲ, ಅದೇ ಕೋಣೆಯಲ್ಲೇ ಉಳಿಯಿತು. ಬೆಂಚು ಒರೆಸುವುದು, ಹಾಜರಿ ಹಾಕುವುದು, ಆಮೇಲೆ ಮೊದಲ ಬೆಂಚಿನಲ್ಲಿ ಕೂತು ಪಾಠ ಕೇಳುವುದು.

ಪಾಪ, ಎಂಥ ಪೆದ್ದ ಮನುಷ್ಯ ನೋಡಿ! ನಾನಾಗಿದ್ದರೆ ಅಕ್ಕನಿಗೆ ಹೆಸರಷ್ಟೇ ಅಲ್ಲ, ಏಳು ತಲೆಮಾರಿನ ವಂಶಾವಳಿಯನ್ನೇ ಜಪಾನಿಯಲ್ಲಿ...

ಇಷ್ಟು ಬರೆಯುವಾಗ ಹಿಂದಿನಿಂದ ಯಾರೋ ಕೆಮ್ಮಿದರು. ನೋಡಿದರೆ ಕಂಡಕ್ಟರು. ಯಾವಾಗ ಬಂದರೋ, ಹೆಗಲ ಮೇಲಿಂದ ಎಲ್ಲ ಓದಿಯಾಗಿತ್ತು.

"ಕ್ಲಾಸಿಗೆ ಹೊತ್ತಾಯ್ತು, ಕರ್ಕೊಂಡು ಹೋಗೋಣ ಅಂತ ಬಂದೆ. ಇದೇನ್ ಸಾರ್, ನಿಮ್ಮ ಕತೇನ ಬೇರೆ ಯಾರದೋ ತಲೆಗೆ ಕಟ್ಟಿದ್ದೀರಲ್ಲ?"

ಒಳಗಿನಿಂದ ನನ್ನ ಹೆಂಡತಿ, "ಯಾವ ಕತೆ ಅಣ್ಣಾ?" ಎನ್ನುತ್ತಾ ಬಾಗಿಲಿಗೆ ಬಂದು ನಿಂತಳು.

ಇನ್ನೇನು ಮುಚ್ಚಿಡುವುದು? ಆ ಮೇಷ್ಟ್ರು ನಾನೇ. ಹೆಂಡತಿಗೆ ಈವರೆಗೆ ಹೇಳಿರಲಿಲ್ಲ, ಈಗ ಹೇಳಲೇಬೇಕು. ಅವಳು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಾಳೆ. ಕಂಡಕ್ಟರು ಮೊಳಕೈಯಿಂದ ತಿವಿದು, "ಬಾಯಿ ಬಿಡಿ ಸಾರ್," ಎನ್ನುತ್ತಿದ್ದಾರೆ.

ಬಿಟ್ಟಿದ್ದೇನೆ. ಕನ್ನಡವೂ ಬರುತ್ತಿಲ್ಲ.